ಹೇಳಿದ್ರೆ ಬೈತಾರೆ, ಇಲ್ಲಿ ಹೇಳಿ

‘ಎಲ್ಲರೂ ಹೊಗಳುವ ಹಾಡು, ಬ್ಯಾಂಡು, ಗಾಯಕರ ಬಗ್ಗೆ ನಿಮಗೊಬ್ಬರಿಗೇ ಅನ್ನಿಸುವ ಮಾತೇನಾದರೂ ಇದ್ದರೆ ಬರೆದು ಕಳಿಸಿ’ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಬಂದಿವೆ. ಬಹಳ ಜನ ಕೊನೆಯಲ್ಲಿ ‘ದಯವಿಟ್ಟು ಹೆಸರು ಹಾಕಬೇಡಿ’ ಎಂದು ಅಡಿಗೆರೆ ಎಳೆದು ಬರೆದಿದ್ದಾರೆ. ಕಳ್ಳತನ ಒಪ್ಪಿಕೊಂಡವರ ಹಾಗೆ! ಇರಲಿ, ಯಾರ ಹೆಸರೂ ಹಾಕಿಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ಸಂಗೀತ ವಿದ್ವಾಂಸನಲ್ಲ. ವೇದಿಕೆ ಕಾರ್ಯಕ್ರಮಗಳಲ್ಲಿ ಸೌಂಡ್ ಮಿಕ್ಸರ್ ಮುಂದೆ ಕೂತು ಬದುಕಿದವನು. ಗಾಯಕರ ಮುಖಕ್ಕಿಂತ ಅವರ ಮೈಕು ಯಾವ ಚಾನೆಲ್‌ನಲ್ಲಿತ್ತು ಅನ್ನೋದೇ ನನಗೆ ಚೆನ್ನಾಗಿ ನೆನಪಿರುತ್ತದೆ. ಉತ್ತರಗಳೂ ಅಲ್ಲಿಂದಲೇ ಬರುತ್ತವೆ.

ಪ್ರಶ್ನೆ: ವಿಟ್ನಿ ಹ್ಯೂಸ್ಟನ್ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯೂ’ ನನಗೆ ಕಿರುಚಾಟದ ಹಾಗೆ ಕೇಳುತ್ತದೆ. ಡಾಲಿ ಪಾರ್ಟನ್ ಹಾಡಿದ್ದೇ ಇಷ್ಟ. ಹೀಗೆಂದಿದ್ದಕ್ಕೆ ಅಕ್ಕ ಮುನಿಸಿಕೊಂಡಿದ್ದಾಳೆ. ನನ್ನ ಕಿವಿ ಸರಿಯಿಲ್ಲವಾ?

ಕಿವಿ ಸರಿಯಾಗೇ ಇದೆ. ‘ಕಿರುಚಾಟ’ ಅನ್ನೋ ಮಾತು ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಹಾಡು ಬರೆದವರೇ ಡಾಲಿ. 1974ರಲ್ಲಿ ಅವರ ದನಿಯಲ್ಲೇ ಹೊರಬಂತು. ಪ್ರೇಮಿಗೆ ಬರೆದದ್ದಲ್ಲ. ತನ್ನನ್ನು ಟಿವಿಗೆ ಕರೆತಂದ ಪೋರ್ಟರ್ ವ್ಯಾಗನರ್ ಅವರ ಜೋಡಿ ಬಿಟ್ಟು, ಸ್ವಂತ ದಾರಿ ಹಿಡಿಯುವಾಗ ಬರೆದದ್ದು. ಹಾಗಾಗಿ ಅಲ್ಲಿ ಗಲಾಟೆಯಿಲ್ಲ. ಒಂದು ಚರಣವನ್ನಂತೂ ಅವರು ಹಾಡುವುದೇ ಇಲ್ಲ, ಸುಮ್ನೆ ಮಾತಿನಲ್ಲಿ ಹೇಳುತ್ತಾರೆ. ಹೊರಡುವ ಮನುಷ್ಯರು ಹಾಗೇ ಅಲ್ವಾ ಮಾತಾಡೋದು?

ವಿಟ್ನಿ ಹಾಡಿದ್ದು 1992ರಲ್ಲಿ, ‘ದಿ ಬಾಡಿಗಾರ್ಡ್’ ಸಿನಿಮಾಕ್ಕೆ. ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಶುರುವಿನಲ್ಲಿ ವಾದ್ಯವೇ ಇಲ್ಲ, ಬರೀ ದನಿ. ಹಾಗೇ ಇರಲಿ ಎಂದು ಪಟ್ಟು ಹಿಡಿದವರು ಸಿನಿಮಾದ ನಾಯಕ ಕೆವಿನ್ ಕಾಸ್ಟ್‌ನರ್. ಇಡೀ ಹಾಡಿನಲ್ಲಿ ನನಗೆ ಇಷ್ಟವಾದ ಜಾಗ ಅದೇ. ಆಮೇಲೆ ವಾದ್ಯಗಳು ಒಂದೊಂದಾಗಿ ಸೇರುತ್ತವೆ, ಸ್ಯಾಕ್ಸೋಫೋನ್ ಬರುತ್ತದೆ. ಒಂದು ಗಳಿಗೆ ಎಲ್ಲ ನಿಲ್ಲುತ್ತದೆ. ಡ್ರಮ್ಮಿಗೆ ಒಂದೇ ಒಂದು ಪೆಟ್ಟು. ಶ್ರುತಿ ಮೇಲಕ್ಕೇರಿ, ಎಲ್ಲರಿಗೂ ಗೊತ್ತಿರುವ ಆ ದೊಡ್ಡ ಕೂಗು. ಅಲ್ಲಿ ಮೈ ಜುಮ್ಮೆನ್ನದೆ ನಿಮಗೆ ಬೇರೆ ದಾರಿಯೇ ಇಲ್ಲ. ಗಾಯಕಿಯ ತಾಕತ್ತು ಅದು, ಎರಡು ಮಾತಿಲ್ಲ. ಆದರೆ ಆ ನಿಲುಗಡೆ, ಆ ಪೆಟ್ಟು, ಆ ಏರಿಕೆ ಮೂರನ್ನೂ ಅಳತೆ ಮಾಡಿ ಜೋಡಿಸಿದ್ದಾರೆ. ಸಲ ಸಲವೂ ನನ್ನನ್ನು ಅದೇ ಜಾಗದಲ್ಲಿ ಅಳಿಸಲೇಬೇಕು ಎಂದು ಹಟ ಹಿಡಿಯುವ ಹಾಡು ನನಗೆ ಬೇಗ ಸಾಕಾಗುತ್ತದೆ. ನಾನೂ ಡಾಲಿ ಪಕ್ಷ. ಅಕ್ಕನ ಹತ್ತಿರ ವಾದ ಮಾಡಬೇಡಿ. ಏನೂ ಹೇಳದೆ ಡಾಲಿಯ ಹಾಡು ಹಾಕಿ, ಮಾತಿನ ಚರಣ ಬರುವಾಗ ಅವರ ಮುಖ ನೋಡಿ.

ಪ್ರಶ್ನೆ: ಬಾಬ್ ಡಿಲನ್‌ಗೆ ಹಾಡಲು ಬರುವುದಿಲ್ಲ. ಒಪ್ಪಿಕೊಳ್ಳಿ ಸಾರ್.

ಒಪ್ಪುವುದಿಲ್ಲ. 2016ರಲ್ಲಿ ಅವರಿಗೆ ನೊಬೆಲ್ ಸಿಕ್ಕಿದ್ದು ಸಾಹಿತ್ಯಕ್ಕೆ, ಕಂಠಕ್ಕಲ್ಲ. ಅಷ್ಟರಮಟ್ಟಿಗೆ ನೀವು ಖುಷಿಪಡಬಹುದು. ಆದರೆ ಅವರು ಒಂದು ಸಾಲನ್ನು ತಾಳಕ್ಕಿಂತ ಹಿಂದೆ ಬಿಟ್ಟು, ಕೊನೆಯ ಪದವನ್ನು ಎಳೆದು ಹೇಗೆ ಜಾಗಕ್ಕೆ ತಂದು ಕೂರಿಸುತ್ತಾರೆ ನೋಡಿ. ದನಿ ಚೆನ್ನಾಗಿಲ್ಲ ಅನ್ನೋದು ಬೇರೆ, ಹಾಡಲು ಬರುವುದಿಲ್ಲ ಅನ್ನೋದು ಬೇರೆ.

ಪ್ರಶ್ನೆ: ಆಟೊಟ್ಯೂನ್ ಹಾಕಿ ಹಾಡುವವರು ಗಾಯಕರೇ ಅಲ್ಲ ಅಂತಾರೆ ನನ್ನ ಗೆಳೆಯರು. ನನಗೋ ಆ ಯಂತ್ರದಂಥ ದನಿಯೇ ಇಷ್ಟ. ಹೇಳಿಕೊಳ್ಳಲು ನಾಚಿಕೆ.

ನಾಚಿಕೆ ಯಾಕೆ? ಆಟೊಟ್ಯೂನ್ ಅಂದರೆ ಹಾಡುವಾಗ ತಪ್ಪಿದ ಸ್ವರವನ್ನು ತಾನೇ ಸರಿಪಡಿಸುವ ಸಾಧನ. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಅದಕ್ಕೆ ಮುಂಚೆ ಅವರ ಕೆಲಸ ತೈಲ ಕಂಪನಿಗಳಿಗೆ ಸಂಬಂಧಿಸಿದ್ದು. ನೆಲದೊಳಗೆ ಕಳಿಸಿದ ಶಬ್ದದ ಅಲೆ ವಾಪಸ್ ಬರುವ ರೀತಿ ನೋಡಿ, ಎಣ್ಣೆ ಎಲ್ಲಿರಬಹುದು ಎಂದು ಲೆಕ್ಕ ಹಾಕುವುದು. ಅದೇ ಬಗೆಯ ಲೆಕ್ಕವನ್ನು ಗಾಯಕರ ಸ್ವರ ಹಿಡಿಯಲು ಬಳಸಿ 1997ರಲ್ಲಿ ಮಾರುಕಟ್ಟೆಗೆ ತಂದರು. ಮರುವರ್ಷವೇ ಗಾಯಕಿ ಷೆರ್ ಅವರ ‘ಬಿಲೀವ್’ ಹಾಡು ಬಂತು. ಸ್ವರವನ್ನು ಎಷ್ಟು ಬೇಗ ಸರಿಪಡಿಸಬೇಕು ಅನ್ನುವುದಕ್ಕೆ ಅದರಲ್ಲೊಂದು ಗುಂಡಿ ಇದೆ. ನಿಧಾನಕ್ಕಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಸೊನ್ನೆಗೆ ತಂದರೆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಪಟ್ ಅಂತ ಜಿಗಿಯುತ್ತದೆ. ನಿಮಗೆ ಇಷ್ಟವಾಗಿರುವುದು ಆ ಜಿಗಿತ. ‘ಬಿಲೀವ್’ ನಿರ್ಮಾಪಕರು ಮೊದಲಿಗೆ ಈ ಗುಟ್ಟು ಬಿಟ್ಟುಕೊಡದೆ, ಬೇರೆ ಯಂತ್ರದ ಹೆಸರು ಹೇಳಿ ಜಾರಿಕೊಂಡಿದ್ದರು.

ನನ್ನ ತಕರಾರು ಬೇರೆ. ಒಬ್ಬ ಗಾಯಕರು ಕಾರ್ಯಕ್ರಮಕ್ಕೆ ಮುಂಚೆ ನನ್ನ ಮೇಜಿನ ಹತ್ತಿರ ಬಂದು, ಬಗ್ಗಿ, ‘ಸ್ವಲ್ಪ ಅದನ್ನ ಹಾಕಿರಿ, ಗೊತ್ತಾಗಬಾರದು’ ಅಂದರು. ಹಾಕಿದೆ. ಗೊತ್ತಾಗಲಿಲ್ಲ. ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ ಅವರು ‘ಈಗಿನವರಿಗೆ ಯಂತ್ರ ಇಲ್ಲದೆ ಹಾಡಲು ಬರಲ್ಲ’ ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ನನ್ನ ಬೆರಳು ಆ ಚಾನೆಲ್ಲಿನ ಮೇಲೇ ಇತ್ತು. ನಿಮ್ಮ ಗೆಳೆಯರು ‘ಸಹಜ ಕಂಠ’ ಎಂದು ಮೆಚ್ಚುವ ಎಷ್ಟೋ ಹಾಡುಗಳ ಒಳಗೂ ಆ ಯಂತ್ರ ತಣ್ಣಗೆ ಕೂತಿರುತ್ತದೆ. ನೀವು ಮೆಚ್ಚಿದವರು ಕಾಣುವ ಹಾಗೆ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ. ಯಂತ್ರದ ಸಹಾಯ ಹೊಸದೇನೂ ಅಲ್ಲ. ಒಂದೇ ಸಾಲನ್ನು ಎರಡು ಸಲ ಹಾಡಿ ದನಿ ದಪ್ಪ ಮಾಡುವ ಕೆಲಸ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್‌ಗೆ ಬೇಜಾರು. ಅದಕ್ಕೇ 1966ರಲ್ಲಿ ಅಬ್ಬೆ ರೋಡ್ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್‌ಸೆಂಡ್, ಟೇಪ್ ಯಂತ್ರಗಳಿಂದಲೇ ಒಂದು ದನಿಯನ್ನು ಎರಡಾಗಿಸುವ ಉಪಾಯ ಹುಡುಕಿಕೊಟ್ಟರು.

ಪ್ರಶ್ನೆ: ಬೀಟಲ್ಸ್‌ನ ರಿಂಗೊ ಸ್ಟಾರ್ ಅದೃಷ್ಟವಂತ, ಒಳ್ಳೆ ಡ್ರಮ್ಮರ್ ಅಲ್ಲ ಅಂತ ಎಲ್ಲರೂ ಹೇಳುತ್ತಾರೆ. ಲೆನನ್ನೇ ‘ಬೀಟಲ್ಸ್‌ನಲ್ಲೂ ಅವನು ಅತ್ಯುತ್ತಮ ಡ್ರಮ್ಮರ್ ಅಲ್ಲ’ ಅಂದಿದ್ದರಂತೆ. ನನಗೆ ಮಾತ್ರ ಅವರ ವಾದನ ಇಷ್ಟ.

ಲೆನನ್ ಆ ಮಾತು ಆಡಿದ್ದಕ್ಕೆ ಪುರಾವೆಯಿಲ್ಲ. ಅದು 1980ರ ದಶಕದ ಬ್ರಿಟಿಷ್ ಹಾಸ್ಯ ಕಾರ್ಯಕ್ರಮಗಳಲ್ಲಿ ಕೇಳಿಬಂದ ಜೋಕು. ಲೆನನ್ ತೀರಿಕೊಂಡಿದ್ದು 1980ರಲ್ಲಿ. ಸತ್ತವರ ಬಾಯಿಗೆ ತುರುಕಿದರೆ ಇಲ್ಲ ಅನ್ನೋಕೆ ಯಾರಿದ್ದಾರೆ?

ರಿಂಗೊ ಎಡಚರು. ಆದರೆ ನುಡಿಸಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ ಸೆಟ್ಟಿನಲ್ಲಿ. ಬಲಗೈಯವರು ಮುಂದಿರುವ ಸ್ನೇರ್ ಡ್ರಮ್ಮಿನಿಂದ ಹೊರಟು ಒಂದೇ ಓಟದಲ್ಲಿ ಪಕ್ಕದ ಟಾಮ್ ಡ್ರಮ್ಮುಗಳನ್ನೆಲ್ಲ ಸುತ್ತಿ ಬರುತ್ತಾರೆ. ಎಡಚರಿಗೆ ಅಲ್ಲಿ ಕೈ ತೊಡಕುತ್ತದೆ. ಒಂದು ಚೂರು ತಡೆದು, ಬೇರೆ ಕಡೆಯಿಂದ ಶುರು ಮಾಡಬೇಕು. ರಿಂಗೊ ಫಿಲ್‌ಗಳು, ಅಂದರೆ ಸಾಲುಗಳ ನಡುವೆ ತುಂಬುವ ಪೆಟ್ಟುಗಳು, ಸ್ವಲ್ಪ ತಡವಾಗಿ, ಸ್ವಲ್ಪ ವಕ್ರವಾಗಿ ಬಂದು ಕೂರುವುದು ಹೀಗೆ. ‘ಕಮ್ ಟುಗೆದರ್’ ಶುರುವನ್ನೇ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಲ್ಲವಿ ಬರುವ ಮುಂಚೆಯೇ ಯಾವ ಹಾಡು ಅಂತ ಡ್ರಮ್ಮಿನಿಂದಲೇ ಗೊತ್ತಾಗುತ್ತದೆ. ಆ ಕಾಲದಲ್ಲಿ ಅವರು ಡ್ರಮ್ಮಿನ ಮೇಲೆ ಬಟ್ಟೆ ಹೊದಿಸಿ ನುಡಿಸುತ್ತಿದ್ದರು. ಗುಂಯ್ ಅನ್ನದೆ ಡಬ್ ಅನ್ನುವ ಆ ದನಿ ಬೇಕೆಂದು ಇವತ್ತಿಗೂ ನನ್ನಂಥವರು ಡ್ರಮ್ಮಿಗೆ ಟೇಪು, ಬಟ್ಟೆ ಅಂಟಿಸುತ್ತಾ ಇರುತ್ತೇವೆ.

ಪ್ರಶ್ನೆ: ವೇದಿಕೆಯಲ್ಲಿ ಗಾಯಕರು ಬರೀ ತುಟಿ ಆಡಿಸಿದರೆ ನನಗೇನೂ ಬೇಜಾರಿಲ್ಲ. ಕುಣಿತ ಚೆನ್ನಾಗಿದ್ದರೆ ಸಾಕು. ಇದು ಅಪರಾಧವೇ?

ನಿಮ್ಮ ಪತ್ರ ಓದಿ ನನಗೆ ಫ್ರಾಂಕ್ ಫೇರಿಯನ್ ನೆನಪಾದರು. ಜರ್ಮನಿಯ ನಿರ್ಮಾಪಕ. 70ರ ದಶಕದಲ್ಲಿ ‘ಬೋನಿ ಎಂ’ ಕಟ್ಟಿದವರು. ಆ ಗುಂಪಿನ ಕುಣಿತಗಾರ ಬಾಬಿ ಫ್ಯಾರೆಲ್ ನೆನಪಿದ್ದಾರಲ್ಲ, ಮೈಯೆಲ್ಲ ಸ್ಪ್ರಿಂಗ್ ಇದ್ದವರಂತೆ ಕುಣಿಯುತ್ತಿದ್ದವರು? ರೆಕಾರ್ಡಿನಲ್ಲಿ ಕೇಳುವ ಗಡಸು ಗಂಡುದನಿ ಅವರದಲ್ಲ, ಫೇರಿಯನ್ ಅವರದೇ. ನಾಲ್ವರಲ್ಲಿ ಸ್ಟುಡಿಯೋದಲ್ಲಿ ಹಾಡಿದವರು ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಮಾತ್ರ. ಇದು ಗೊತ್ತಾದ ಮೇಲೂ ಜನ ‘ಡ್ಯಾಡಿ ಕೂಲ್’ ಹಾಕಿಕೊಂಡು ಕುಣಿಯುತ್ತಲೇ ಇದ್ದಾರೆ.

ಇದೇ ಫೇರಿಯನ್ 80ರ ದಶಕದ ಕೊನೆಗೆ ‘ಮಿಲಿ ವನಿಲಿ’ ಕಟ್ಟಿದರು. ರಾಬ್ ಪಿಲಾಟಸ್, ಫ್ಯಾಬ್ ಮೊರ್ವನ್ ಎಂಬ ಇಬ್ಬರು ಚೆಂದದ ಹುಡುಗರು ಮುಂದೆ. ಹಾಡುವವರು ಹಿಂದೆ. 1990ರ ಫೆಬ್ರವರಿಯಲ್ಲಿ ಅವರಿಗೆ ಹೊಸ ಕಲಾವಿದರ ಗ್ರ್ಯಾಮಿ ಬಂತು. ನವೆಂಬರಿನಲ್ಲಿ ಫೇರಿಯನ್ ಬಾಯಿಬಿಟ್ಟರು, ಪ್ರಶಸ್ತಿ ವಾಪಸ್ ಹೋಯಿತು. ಲೋಕವೆಲ್ಲ ಆ ಇಬ್ಬರು ಹುಡುಗರಿಗೆ ಉಗಿಯಿತು.

ಎರಡೂ ಒಂದೇ ಅಂಗಡಿಯ ಸರಕು. ಒಂದಕ್ಕೆ ಪ್ರೀತಿ, ಇನ್ನೊಂದಕ್ಕೆ ಛೀಮಾರಿ. ಯಾಕೆ? ಪ್ರಶಸ್ತಿ ಬಂದದ್ದರಿಂದ ಅಂತ ನನ್ನ ಊಹೆ. ಪ್ರಶಸ್ತಿ ಕೊಟ್ಟವರಿಗೆ ಮುಖಭಂಗ, ಆ ಸಿಟ್ಟು ಇಳಿದಿದ್ದು ಹುಡುಗರ ಮೇಲೆ. ಹಾಡು ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಇತ್ತು, ಒಂದು ಸ್ವರವೂ ಬದಲಾಗಿರಲಿಲ್ಲ. ಹಾಗಂತ ಮೋಸ ಆಗಲಿಲ್ಲ ಅಂತಲ್ಲ. ಮೊದಲು ಮೋಸ ಹೋದವರು ನಿಜವಾಗಿ ಹಾಡಿದವರು. ಚಾರ್ಲ್ಸ್ ಶಾ, ಜಾನ್ ಡೇವಿಸ್, ಬ್ರಾಡ್ ಹೋವೆಲ್. ಈ ಹೆಸರುಗಳನ್ನು ನೀವು ಕೇಳಿದ್ದೀರಾ? ಅದೇ ನೋಡಿ.

ನಿಮ್ಮ ಪ್ರಶ್ನೆಗೆ ಉತ್ತರ: ಅಪರಾಧವೇನಲ್ಲ. ಹಾಡಿದವರ ಹೆಸರು ಕವರಿನ ಮೇಲಿರಲಿ, ಕುಣಿಯುವವರು ಧಾರಾಳವಾಗಿ ಕುಣಿಯಲಿ.

ಪ್ರಶ್ನೆ: 60ರ ದಶಕದ ಸಂಗೀತದ ಮುಂದೆ ಈಗಿನದು ಕಸ ಅಂತ ಅಪ್ಪ ದಿನಾ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ.

ಅಪ್ಪನಿಗೆ ಒಂದೇ ಪ್ರಶ್ನೆ ಕೇಳಿ. 1967ರ ಶುರುವಿನಲ್ಲಿ ಬೀಟಲ್ಸ್ ‘ಪೆನ್ನಿ ಲೇನ್’, ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಎರಡನ್ನೂ ಒಂದೇ ರೆಕಾರ್ಡಿನಲ್ಲಿ ತಂದರು. ಬ್ರಿಟನ್ ಪಟ್ಟಿಯಲ್ಲಿ ಅದು ಎರಡನೇ ಸ್ಥಾನದಲ್ಲೇ ನಿಂತಿತು. ಹಾಗಾದರೆ ಮೊದಲನೆಯದು ಯಾವುದು? ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. ಆಗಿನ ಜನ ದುಡ್ಡು ಕೊಟ್ಟು ಆರಿಸಿಕೊಂಡದ್ದು ಅದನ್ನು. ಆ ದಶಕದ ಸಾಧಾರಣ ಹಾಡುಗಳನ್ನು ಈಗ ಯಾರೂ ಹಾಕುವುದಿಲ್ಲ. ಉಳಿದಿರುವ ಒಳ್ಳೆಯವನ್ನಷ್ಟೇ ತಂದು ಈ ವಾರದ ಎಲ್ಲ ಹಾಡುಗಳ ಪಕ್ಕ ಇಟ್ಟು ತೂಗಿದರೆ ನ್ಯಾಯವೇ? ಅಂದ ಹಾಗೆ, ನನಗೆ ‘ರಿಲೀಸ್ ಮಿ’ ಕೂಡ ಇಷ್ಟ. ಬೈಯುವವರು ಸಂಪಾದಕರಿಗೆ ಬರೆಯಿರಿ.

ಪ್ರಶ್ನೆ: ನಾನು ಮೆಟಾಲಿಕಾ ಬ್ಯಾಂಡಿನ ಅಭಿಮಾನಿ. ಆದರೆ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಪೂರ್ತಿ ಕೇಳಿದರೆ ತಲೆನೋವು. ನಿನಗೆ ವಯಸ್ಸಾಯಿತು ಅಂತಾರೆ.

ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಸಿ.ಡಿ.ಯಲ್ಲಿ ಶಬ್ದ ಇಷ್ಟೇ ಎತ್ತರಕ್ಕೆ ಹೋಗಬಹುದು ಅನ್ನುವ ಮಿತಿಯಿದೆ. ಬೇರೆಯವರ ಹಾಡಿಗಿಂತ ನಮ್ಮದು ಜೋರಾಗಿ ಕೇಳಬೇಕು ಅಂದರೆ ಒಂದೇ ದಾರಿ: ಮೆಲ್ಲಗಿರುವುದನ್ನೂ ಮೇಲೆತ್ತಿ, ಮೇಲಿರುವುದನ್ನು ಒತ್ತಿ, ಎಲ್ಲವನ್ನೂ ಆ ಸೂರಿಗೆ ಅಂಟಿಸುವುದು. 2008ರ ಆ ಆಲ್ಬಮ್ಮಿನಲ್ಲಿ ಇದು ಮಿತಿ ಮೀರಿ, ದನಿಯೇ ಒಡೆದಿದೆ. ಅವೇ ಹಾಡುಗಳು ‘ಗಿಟಾರ್ ಹೀರೊ’ ಎಂಬ ವಿಡಿಯೋ ಗೇಮಿಗೂ ಹೋಗಿದ್ದವು, ಅಷ್ಟು ಒತ್ತಿರದ ರೂಪದಲ್ಲಿ. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ, ಗೇಮಿನದೇ ಚೆನ್ನಾಗಿದೆ ಎಂದು ಗಲಾಟೆ ಎಬ್ಬಿಸಿದರು. ಪೆಟ್ಟಿಗೂ ಪೆಟ್ಟಿಗೂ ನಡುವೆ ಜಾಗ ಇಲ್ಲದಿದ್ದರೆ ಕಿವಿ ದಣಿಯುತ್ತದೆ. ಈಗ ಸ್ಪಾಟಿಫೈನಂಥ ಆ್ಯಪ್‌ಗಳು ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತವೆ. ಜೋರು ಮಾಡಿದವರಿಗೆ ಅಲ್ಲಿ ಲಾಭವೇನೂ ಇಲ್ಲ. ಆದರೂ ಮಾಡುತ್ತಲೇ ಇದ್ದಾರೆ, ಚಟ.

ಪ್ರಶ್ನೆ: ಹಾಡು ಬರೆಯದೆ ಬರೀ ಹಾಡುವವರನ್ನು ಕಲಾವಿದರು ಅನ್ನಬಾರದು.

ಹಾಗಾದರೆ ಎಲ್ವಿಸ್ ಪ್ರೀಸ್ಲಿ, ಫ್ರಾಂಕ್ ಸಿನಾತ್ರಾ ಇಬ್ಬರೂ ಹೊರಗೆ. ನೀವೇ ಹೋಗಿ ಹೇಳಿಬಿಡಿ ಅವರ ಅಭಿಮಾನಿಗಳಿಗೆ, ನಾನು ದೂರ ನಿಂತು ನೋಡುತ್ತೇನೆ.

ಪ್ರಶ್ನೆ: ರಾಕ್ ಕಾರ್ಯಕ್ರಮಗಳಲ್ಲಿ ಉದ್ದುದ್ದ ಡ್ರಮ್ ಸೋಲೋ ಶುರುವಾದರೆ ನನಗೆ ಎದ್ದು ಹೋಗಬೇಕು ಅನ್ನಿಸುತ್ತದೆ. ಕಲೆಗೆ ಅವಮಾನ ಆಗುತ್ತದಾ?

ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಡ್ರಮ್ ಸೋಲೋ ‘ಮೋಬಿ ಡಿಕ್’ ರೆಕಾರ್ಡಿನಲ್ಲಿ ನಾಲ್ಕು ನಿಮಿಷ ಚಿಲ್ಲರೆ. ವೇದಿಕೆಯಲ್ಲಿ ಅವರ ಡ್ರಮ್ಮರ್ ಜಾನ್ ಬಾನಮ್ ಅದನ್ನು ಕೆಲವು ಸಲ 20 ನಿಮಿಷ ದಾಟಿಸುತ್ತಿದ್ದರು, ಕೋಲು ಬಿಟ್ಟು ಬರಿಗೈಯಲ್ಲೂ ಬಾರಿಸುತ್ತಿದ್ದರು. ಬಾನಮ್ ನುಡಿಸಿದರೆ ನಾನು ಕೂತು ಕೇಳುತ್ತೇನೆ. ಬೇರೆಯವರದಾದರೆ ಧೈರ್ಯವಾಗಿ ಎದ್ದು ಹೋಗಿ. ಬ್ಯಾಂಡಿನ ಉಳಿದವರು ನಿಮಗಿಂತ ಮುಂಚೆಯೇ ಹೋಗಿರುತ್ತಾರೆ.