ಫುಟ್‌ಪಾತ್ ಮೇಲಿನ ಇಬ್ಬರ ಪ್ರೇಮಕಥೆಯನ್ನು ಕಡಿಮೆ ದುಡ್ಡಲ್ಲಿ, ರಾತ್ರಿ ಹೊತ್ತು ಶೂಟ್ ಮಾಡೋದು ಹೇಗೆ?

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಸುತ್ತ, ಐದು ಜನರ ತಂಡ, ಹಮಾಲಿಯೊಬ್ಬ, ಚಿಂದಿ ಆಯುವ ಹೆಂಗಸೊಬ್ಬಳು. ಇಬ್ಬರಿಗೂ ಮನೆಯಿಲ್ಲ. ಇಷ್ಟು ಹೇಳಿ ಯಾವ ಕ್ಯಾಮೆರಾ ಅಂತ ಕೇಳಿದ್ದೀರಿ. ಅದು ಕೊನೆಗಿರಲಿ, ಇಂಥ ಸಿನಿಮಾ ಕೆಡೋದು ಹೆಚ್ಚಾಗಿ ಸ್ಕ್ರಿಪ್ಟಲ್ಲೇ.

ಮನೆಯಿಲ್ಲ ಅಂದಮೇಲೆ ಬಾಗಿಲೂ ಇಲ್ಲ. ಮುತ್ತು, ಜಗಳ, ಜ್ವರ ಎಲ್ಲಾ ಹತ್ತು ಜನರ ಕಣ್ಣೆದುರೇ ಆಗಬೇಕು. ಹಾಗಾಗಿ ಪ್ರತಿ ದೃಶ್ಯದ ಮೇಲೂ ಮೂರು ವಿಷಯ ಬರೆದುಕೊಳ್ಳಿ: ಯಾರು ನೋಡ್ತಿದ್ದಾರೆ, ಗಂಟುಮೂಟೆ ಯಾರ ಹತ್ತಿರ ಇದೆ, ಎಷ್ಟು ಹೊತ್ತಿಗೆ ಅಲ್ಲಿಂದ ಏಳಬೇಕು. ರಾತ್ರಿ ಆಶ್ರಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮಳೆ ಬಂದ ರಾತ್ರಿ ನೆನೆಯದೆ ಮಲಗಬೇಕಂದ್ರೆ ಇಬ್ಬರೂ ಬೇರೆಯಾಗಬೇಕು, ನಿಮ್ಮ ಸಿನಿಮಾದ ನಡುಭಾಗವೇ ಅದು. ಇನ್ನೊಂದು, ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಅದರಡಿ ಒಬ್ಬರನ್ನ ಭಿಕ್ಷುಕರೆಂದು ಹಿಡಿದು ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕರೆದೊಯ್ದರೆ, ಫೋನಿಲ್ಲದ ಇನ್ನೊಬ್ಬರಿಗೆ ಗೊತ್ತಾಗೋದಾದ್ರೂ ಹೇಗೆ? ಖಳನಾಯಕನ ಖರ್ಚು ಉಳೀತು.

ಬೆಳಕಿನ ವಿಷಯಕ್ಕೆ ಬಂದರೆ, ನಮ್ಮ ಕರೆಂಟು 50 ಹರ್ಟ್ಸ್, ಅದರ ಲಯಕ್ಕೆ ದೀಪಗಳು ಕಣ್ಣಿಗೆ ಕಾಣದಂತೆ ಮಿಣುಕುತ್ತವೆ. ಸೆಕೆಂಡಿಗೆ 24 ಫ್ರೇಮಲ್ಲಿ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬಿಡೋ ಹೊತ್ತು) 180 ಡಿಗ್ರಿ ಇಟ್ಟರೆ 1/48 ಸೆಕೆಂಡ್ ಆಗಿ, ಬೀದಿದೀಪದ ಕೆಳಗೆ ಪಟ್ಟಿ ಪಟ್ಟಿ ಓಡುತ್ತೆ. 25 ಫ್ರೇಮ್, 1/50 ಇಡಿ. 24ಕ್ಕೇ ಪಟ್ಟು ಹಿಡಿದರೆ ಶಟರ್ 172.8 ಡಿಗ್ರಿ. ಕೆಲವು ಅಗ್ಗದ ಎಲ್‌ಇಡಿ ಬೋರ್ಡು ಹಾಗಿಟ್ಟರೂ ಮಿಣುಕುತ್ತವೆ, ಪುಟ್ಟ ಮಾನಿಟರಲ್ಲಿ ಕಾಣಲ್ಲ. ಹಿಂದಿನ ದಿನವೇ ಪ್ರತಿ ದೀಪವನ್ನ ಹತ್ತು ಸೆಕೆಂಡ್ ತೆಗೆದು ದೊಡ್ಡ ಪರದೆಯಲ್ಲಿ ನೋಡಿ. ವೈಟ್ ಬ್ಯಾಲೆನ್ಸ್ (ದೀಪಕ್ಕೆ ತಕ್ಕಂತೆ ಬಣ್ಣ ಸರಿದೂಗಿಸೋ ಸೆಟ್ಟಿಂಗ್) ಆಟೋ ಬೇಡ, ಹಳದಿ ದೀಪ ಬಿಟ್ಟು ಬಿಳಿ ದೀಪದಡಿ ಬಂದ ಕೂಡಲೇ ಶಾಟಿನ ಮಧ್ಯೆ ಬಣ್ಣ ಬದಲಾಗುತ್ತೆ. ದೊಡ್ಡ ಲೈಟು ತಂದರೆ ಜನ ಸೇರ್ತಾರೆ. ರಸ್ತೆ ಆಚೆಯಿಂದ, ದೂರದ್ದನ್ನ ಹತ್ತಿರ ತೋರಿಸೋ 85 ಅಥವಾ 135 ಎಂಎಂ ಲೆನ್ಸಲ್ಲಿ ತೆಗೀರಿ. ಮಧ್ಯೆ ಲಾರಿ ಹಾದುಹೋದರೆ ಹೋಗಲಿ, ಎಡಿಟಿಂಗಲ್ಲಿ ಕತ್ತರಿಸೋ ಜಾಗ ಸಿಗುತ್ತೆ.

ಸೌಂಡಿಗೆ ಕಾಲರ್ ಮೈಕನ್ನ ಬಟ್ಟೆಯೊಳಗೆ ಮೆಡಿಕಲ್ ಟೇಪಲ್ಲಿ ಅಂಟಿಸಿ, ಇಲ್ಲಾಂದ್ರೆ ಸೆರಗಿನ ಸರಬರ ಮಾತನ್ನ ನುಂಗುತ್ತೆ. ದೃಶ್ಯ ಮುಗಿದ ತಕ್ಷಣ ನಟರನ್ನ ಪಕ್ಕದ ಸಂದಿಗೆ ಕರೆದೊಯ್ದು ಅದೇ ಮಾತನ್ನ ಮೂರು ಸಲ ಆಡಿಸಿ ರೆಕಾರ್ಡ್ ಮಾಡಿ. ಡಬ್ಬಿಂಗಲ್ಲಿ ಆ ಏದುಸಿರು ಸಿಗಲ್ಲ. ಬೆಳಗಿನ ಜಾವ ಹೂವಿನ ವ್ಯಾಪಾರ ಶುರುವಾದರೆ ಮಾರ್ಕೆಟ್ಟಿನ ಸದ್ದೇ ಬೇರೆ, ರಾತ್ರಿ ಒಂದು ಗಂಟೆಗೆ ತೆಗೆದ ಶಾಟಿಗೆ ನಾಲ್ಕು ಗಂಟೆಗೆ ತೆಗೆದದ್ದನ್ನ ಜೋಡಿಸಿದರೆ ಕಿವಿಗೆ ಹೊಡೆಯುತ್ತೆ. ಪ್ರತಿ ಜಾಗದಲ್ಲೂ ಬರೀ ವಾತಾವರಣದ ಸದ್ದು ಒಂದು ನಿಮಿಷ ಬೇಕು.

ಬಟ್ಟೆ ಒಂದೇ ಥರದ್ದು ಮೂರು ಜೊತೆ. ಇಡೀ ಅಂಗಿಗೆ ಮಣ್ಣು ಬಳಿದರೆ ನಾಟಕದ ವೇಷ. ಕೊಳೆ ಕೂರೋದು ಕಾಲರ್, ಮಂಡಿ, ಕುಂಡೆ, ಜೇಬಿನ ಅಂಚಲ್ಲಿ. ಟೀ ಡಿಕಾಕ್ಷನ್ನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಹಮಾಲಿಯ ಅಂಗಿಯ ಹೆಗಲಿಗೆ ಮರಳು ಕಾಗದ ಉಜ್ಜಿ. ಹಿಮ್ಮಡಿ ಮರೀಬೇಡಿ! ಮಲಗಿದ ಶಾಟಲ್ಲಿ ಮೊದಲು ಕಾಣೋದು ಅಂಗಾಲು, ನುಣ್ಣಗಿದ್ದರೆ ಎಲ್ಲಾ ಬಯಲು.

ನಿಜಕ್ಕೂ ಅಲ್ಲಿ ಮಲಗೋರ ಮುಖ ಕೇಳದೆ ತೆಗೀಬೇಡಿ. ಒಪ್ಪಿಗೆ ಪತ್ರವನ್ನ ಅವರ ಭಾಷೆಯಲ್ಲೇ ಓದಿ ಹೇಳಿ, ದುಡ್ಡು ಅದೇ ರಾತ್ರಿ ಕೊಡಿ. ಅವರ ಜಾಗ ಖಾಲಿ ಮಾಡಿಸೋದಂತೂ ಬೇಡವೇ ಬೇಡ, ಒಂದು ರಾತ್ರಿ ಬಿಟ್ಟ ಜಾಗಕ್ಕೆ ಮರುದಿನ ಬೇರೆಯವರು ಬಂದಿರ್ತಾರೆ. ಪೊಲೀಸ್, ಪಾಲಿಕೆ ಅನುಮತಿಯ ಜೆರಾಕ್ಸ್ ಮೂವರ ಜೇಬಲ್ಲಿರಲಿ.

ಇನ್ನು ಕ್ಯಾಮೆರಾ: ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲಿ ಚಿತ್ರ ಕಾಳು ಕಾಳಾಗದ, ದೊಡ್ಡ ಸೆನ್ಸರಿನ ಯಾವ ಫುಲ್‌ಫ್ರೇಮ್ ಆದರೂ ನಡೆಯುತ್ತೆ. ಬಾಡಿಗೆಯಲ್ಲಿ ಉಳಿಸಿದ್ದನ್ನ ಹೆಚ್ಚು ಬೆಳಕು ಒಳಬಿಡೋ ಎಫ್ 1.4 ಲೆನ್ಸಿಗೆ ಹಾಕಿ, ಆದರೆ ನಟರು ನಡೆಯೋ ಶಾಟಿಗೆ ಎಫ್ 2 ಇಡಿ. 1.4ರಲ್ಲಿ ಅರ್ಧ ಹೆಜ್ಜೆಗೇ ಫೋಕಸ್ ಜಾರುತ್ತೆ.