ರಜೆ ಸಿಕ್ಕಿಲ್ಲ ಅಂತ ಅವ್ವನಿಗೆ ಹೇಳಿಬಿಡಲಾ?

ಪ್ರಶ್ನೆ: ನಮ್ಮೂರು ದಾವಣಗೆರೆ. ನನಗೆ 37 ವರ್ಷ, ಮದುವೆಯಾಗಿಲ್ಲ. ಆರು ವರ್ಷದಿಂದ ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪದ ಶಾಲೆಯಲ್ಲಿ ಗಣಿತ ಟೀಚರ್ ಆಗಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಮನೆ ಖರ್ಚು, ತಮ್ಮನ ಬಿ.ಇ. ಫೀಸು, ಈಗ ಕಟ್ಟಿಸುತ್ತಿರುವ ಮೇಲಿನ ಮನೆ, ಎಲ್ಲ ನನ್ನ ಸಂಬಳದಲ್ಲೇ ನಡೆದಿದೆ. ಪ್ರತಿ ವರ್ಷದ ರಜೆಗೂ ತಪ್ಪದೆ ಊರಿಗೆ ಬಂದಿದ್ದೇನೆ. ಈ ಸಲ ರಜೆ ಐದು ವಾರ ಇದೆ. ಜೊತೆಯ ಟೀಚರ್‌ಗಳು ಎಂಟು ದಿನ ಶ್ರೀಲಂಕಾಗೆ ಹೊರಟಿದ್ದಾರೆ, ನನ್ನನ್ನೂ ಕರೆಯುತ್ತಿದ್ದಾರೆ. ಹೋಗಬೇಕು ಅಂತ ತುಂಬಾ ಆಸೆ. ಫೋನಿನಲ್ಲಿ ಹೇಳಿದರೆ ಅವ್ವ, "ನೀನಿರೋದೇ ಟೂರಿಗೆ ಹೋಗೋ ಜಾಗ, ಮತ್ತೆ ಯಾತರ ಟೂರವ್ವಾ?" ಅಂದಳು. ತಮ್ಮ, "ಆ ದುಡ್ಡಲ್ಲಿ ಮೇಲಿನ ಮನೆ ಟೈಲ್ಸ್ ಮುಗಿಯುತ್ತೆ ಅಕ್ಕ" ಅಂದ. ಸುಮ್ಮನಾಗಿಬಿಟ್ಟೆ. ಅವ್ವನಿಗೆ ಸಕ್ಕರೆ ಕಾಯಿಲೆ, ಮಂಡಿ ನೋವು ಬೇರೆ. ನಾನು ಹೋದರೆ ಸ್ವಾರ್ಥಿ ಆಗ್ತೀನಾ? ರಜೆ ಹತ್ತು ದಿನ ತಡವಾಗಿ ಸಿಗುತ್ತೆ ಅಂತ ಹೇಳಿ, ಯಾರಿಗೂ ಗೊತ್ತಾಗದ ಹಾಗೆ ಹೋಗಿ ಬಂದುಬಿಡಲಾ?

ಉತ್ತರ: ತಂಗಿ, ಹೋಗಿ ಬನ್ನಿ. ರಜೆ ಸಿಕ್ಕಿಲ್ಲ ಅಂತ ಮಾತ್ರ ಹೇಳಬೇಡಿ.

ಸ್ವಾರ್ಥದ ಮಾತನ್ನು ಮೊದಲು ಮುಗಿಸಿಬಿಡೋಣ. ಆರು ವರ್ಷ ಮನೆ ಹೊತ್ತವರು ಐದು ವಾರದಲ್ಲಿ ಎಂಟು ದಿನ ತಮಗೆ ಇಟ್ಟುಕೊಂಡರೆ ಅದನ್ನು ಯಾರೂ ಸ್ವಾರ್ಥ ಅನ್ನುವುದಿಲ್ಲ. ನಿಮ್ಮ ಜಾಗದಲ್ಲಿ ತಮ್ಮ ಇದ್ದಿದ್ದರೆ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ, ಟಿಕೆಟ್ ಮಾಡಿಸಿ ಫೋನ್ ಮಾಡುತ್ತಿದ್ದ. ಅದಕ್ಕೆ ಮನೆಯಲ್ಲಿ ಯಾರೂ ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ.

ನನ್ನನ್ನು ಕಾಡಿದ್ದು ಅವ್ವ ಕೇಳಿದ ಮಾತು. ನೀನಿರೋದೇ ಟೂರಿಗೆ ಹೋಗೋ ಜಾಗ ಅಂದರಲ್ಲ, ಅದು ಚುಚ್ಚುಮಾತಲ್ಲ. ಅವರು ನಿಜಕ್ಕೂ ಹಾಗೇ ತಿಳಿದುಕೊಂಡಿದ್ದಾರೆ. ಮಾಲ್ಡೀವ್ಸ್ ಅಂದ ಕೂಡಲೇ ನಮ್ಮ ಕಡೆ ಜನರ ಕಣ್ಣಿಗೆ ಬರುವುದು ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ರೂಮುಗಳು, ನೀಲಿ ಸಮುದ್ರ, ಹನಿಮೂನ್ ಜೋಡಿಗಳು. ಅಲ್ಲಿ 1,192 ದ್ವೀಪಗಳಿವೆ, ಊರು ಅಂತ ಇರುವುದು ಅದರಲ್ಲಿ ಇನ್ನೂರಕ್ಕಿಂತ ಕಡಿಮೆ ದ್ವೀಪಗಳಲ್ಲಿ, ಆ ಫೋಟೊಗಳಲ್ಲಿ ಕಾಣುವ ರೆಸಾರ್ಟ್‌ಗಳು ಬೇರೆಯದೇ ದ್ವೀಪಗಳಲ್ಲಿ ಇರುತ್ತವೆ ಅಂತ ಅವ್ವನಿಗೆ ಯಾರು ಹೇಳಿದ್ದಾರೆ? ನೀವಂತೂ ಹೇಳಿಲ್ಲ.

ನಿಮ್ಮ ಕಾಗದವನ್ನು ಇಲ್ಲಿ ಪೂರ್ತಿ ಹಾಕಿಲ್ಲ. ಅದರ ಎರಡನೇ ಪುಟ ನಾನು ಮತ್ತೆ ಮತ್ತೆ ಓದಿದೆ. ಊರಿನ ಈ ತುದಿಯಿಂದ ಆ ತುದಿಗೆ ನಡೆದರೆ ಹದಿನೈದು ನಿಮಿಷ ಅಂತ ಬರೆದಿದ್ದೀರಿ. ತರಕಾರಿ ರಾಜಧಾನಿ ಮಾಲೆಯಿಂದ ಸರಕಿನ ದೋಣಿಯಲ್ಲೇ ಬರಬೇಕು. ಮುಂಗಾರಿನಲ್ಲಿ ಕಡಲು ಕೆಟ್ಟರೆ ಅದೂ ಇಲ್ಲ. ಬಂದಾಗ ಟೊಮೆಟೊ ಮೆತ್ತಗಾಗಿರುತ್ತೆ, ಕೊತ್ತಂಬರಿ ಕಪ್ಪಾಗಿರುತ್ತೆ. ಊರೆಲ್ಲ ಬೆಳಿಗ್ಗೆ ಮಾಸ್ ಹುನಿ ತಿನ್ನುತ್ತೆ, ಅಂದರೆ ಟ್ಯೂನಾ ಮೀನಿಗೆ ಕಾಯಿತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿದ್ದು. ನೀವು ಸಸ್ಯಾಹಾರಿ. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯನ್ನು ದಿನಕ್ಕೊಂದರಂತೆ ಎಣಿಸಿ ತಿನ್ನುತ್ತೀರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮುಗಿದ ಮೇಲೆ ಬರೀ ಅನ್ನ, ಬೇಳೆ. ಭಾನುವಾರದಿಂದ ಗುರುವಾರದವರೆಗೆ ಶಾಲೆ. ಶುಕ್ರವಾರ ಊರು ಸ್ತಬ್ಧವಾಗಿರುತ್ತೆ, ಅವತ್ತು ಮಾತಾಡಲು ಒಬ್ಬರೂ ಸಿಗುವುದಿಲ್ಲ ಅಂದಿದ್ದೀರಿ. ಅಕ್ಕಪಕ್ಕದವರು ಒಳ್ಳೆಯವರು, ಆದರೆ ಅವರ ದಿವೇಹಿ ಭಾಷೆ ನಿಮಗೆ ಅರ್ಧಂಬರ್ಧ.

ಇದರಲ್ಲಿ ಎಷ್ಟು ಅವ್ವನಿಗೆ ಗೊತ್ತು? ರೊಟ್ಟಿ ಎಣಿಸುವುದು ಗೊತ್ತಾ? ಹೇಳಿದರೆ ನೊಂದುಕೊಳ್ಳುತ್ತಾರೆ ಅಂತ ಮುಚ್ಚಿಟ್ಟಿದ್ದೀರಿ. ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೀರಿ. ಸ್ಟೇಟಸ್‌ಗೆ ಸಮುದ್ರದ ಮೇಲೆ ಸೂರ್ಯ ಮುಳುಗುವ ಫೋಟೊ ಹಾಕಿದ್ದೀರಿ. ಹೀಗಾಗಿ ಮನೆಯವರಿಗೆ ನಿಮ್ಮ ಬಗ್ಗೆ ಗೊತ್ತಿರುವುದು ಎರಡೇ, ತಿಂಗಳ ದುಡ್ಡು ಮತ್ತು ಸಮುದ್ರದ ಫೋಟೊ. ನೀವು ಗಣಿತದ ಟೀಚರ್, ಎರಡನ್ನೂ ಕೂಡಿಸಿ ನೋಡಿ. ಇವಳು ಆರಾಮಾಗಿದ್ದಾಳೆ ಅನ್ನುವ ಉತ್ತರ ಬಿಟ್ಟು ಬೇರೆ ಬರುತ್ತಾ?

ಇನ್ನು ನೀವು ಊರಿಗೆ ಬಂದ ರಜೆಗಳು. ಬೆಳಿಗ್ಗೆ ಬ್ಯಾಂಕು, ಮಧ್ಯಾಹ್ನ ಮಹಾನಗರ ಪಾಲಿಕೆ, ಮಾರನೇ ದಿನ ಅವ್ವನ ಮಂಡಿ ಎಕ್ಸ್‌ರೇ. ಆಮೇಲೆ ಹರಿಹರದ ಚಿಕ್ಕಮ್ಮ, ಚನ್ನಗಿರಿಯ ಸೋದರಮಾವ. ಎಲ್ಲರ ಮನೆಗೂ ಚಾಕೊಲೇಟ್ ಪ್ಯಾಕೆಟ್, ಎಲ್ಲರ ಬಾಯಲ್ಲೂ ಮದುವೆ ಪ್ರಶ್ನೆ. ಮೇಸ್ತ್ರಿ ಹತ್ತಿರ ಲೆಕ್ಕ. ಕಳೆದ ಸಲ ಬೆಣ್ಣೆ ದೋಸೆಯನ್ನೂ ಪಾರ್ಸೆಲ್ ತರಿಸಿಕೊಂಡು ತಿಂದೆ, ಹೋಟೆಲಿನಲ್ಲಿ ಕೂತು ಬಿಸಿಬಿಸಿ ತಿನ್ನೋಕೆ ಟೈಮೇ ಆಗಲಿಲ್ಲ ಅಂತ ಬರೆದಿದ್ದೀರಿ. ದಾವಣಗೆರೆಯವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಿಲ್ಲ. ವರ್ಷವಿಡೀ ಉಳಿದ ಮನೆಗೆಲಸವೆಲ್ಲ ನಿಮ್ಮ ರಜೆಗೆ ಅಂತ ಕಾದು ಕೂತಿರುತ್ತೆ. ಹಾಗಾಗಿ ಆರು ವರ್ಷದಲ್ಲಿ ನಿಮಗೆ ರಜೆ ಅಂತ ಒಂದು ದಿನವೂ ಸಿಕ್ಕಿಲ್ಲ. ಈಗ ಶ್ರೀಲಂಕಾ ಆಸೆ ಹುಟ್ಟಿರುವುದು ದಣಿವಿನಿಂದ ಅಂತ ನನಗನ್ನಿಸುತ್ತೆ.

ದಣಿವಷ್ಟೇ ಅಲ್ಲದಿದ್ದರೂ ತಪ್ಪೇನಿಲ್ಲ, ನೋಡಬೇಕು ಅನ್ನುವ ಆಸೆಯೂ ಒಳ್ಳೆಯದೇ. ಹೊರದೇಶಕ್ಕೆ ಪಾಠ ಹೇಳಲು ಹೋಗುವುದು ನಮ್ಮವರಿಗೆ ಹೊಸದಲ್ಲ. ಚಕ್ರವರ್ತಿ ಹೈಲೆ ಸೆಲಾಸಿ ಕಾಲದ ಇಥಿಯೋಪಿಯಾದ ಶಾಲೆಗಳಲ್ಲಿ, ಭೂತಾನಿನ ಬೆಟ್ಟದೂರುಗಳಲ್ಲಿ ಭಾರತದ ಟೀಚರ್‌ಗಳು ಪಾಠ ಮಾಡಿದ್ದಾರೆ. ಈಗ ಒಮಾನ್, ಕುವೈತ್, ದುಬೈ. ಹಾಗೆ ಹೋಗಿ ರಿಟೈರ್ ಆಗಿ ಬಂದವರ ಜೊತೆ ಕೂತು ಮಾತಾಡಿ. ಕಳಿಸಿದ ದುಡ್ಡಿನ ಲೆಕ್ಕ ಯಾರೂ ತೆಗೆಯುವುದಿಲ್ಲ. ಪಕ್ಕದ ದೇಶ ಕೈಗೆಟುಕುವ ದೂರದಲ್ಲಿತ್ತು, ನೋಡದೇ ಬಂದೆವು ಅಂತಾರೆ. ಮಾಲೆಯಿಂದ ಕೊಲಂಬೊ ಒಂದೂವರೆ ಗಂಟೆ ಹಾರಾಟ. ಕೆಲಸ ಬಿಟ್ಟು ದಾವಣಗೆರೆಗೆ ಬಂದು ಕೂತ ಮೇಲೆ ಅದು ಇಷ್ಟು ಹತ್ತಿರ ಇರುವುದಿಲ್ಲ.

ಲಂಕೆಯ ಬಂಡೆಕೋಟೆ ಸಿಗಿರಿಯಾಗೆ ಹೋಗುತ್ತೀರಂತೆ. ಹೈಸ್ಕೂಲಿನಲ್ಲಿ ಚಿತ್ರದುರ್ಗದ ಕೋಟೆಗೆ ಪ್ರವಾಸ ಹೋಗಿದ್ದು ನೆನಪಿರಬೇಕಲ್ವಾ? ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಬಂಡೆಗಳ ನಡುವೆ ಮಳೆನೀರು ತಡೆದು ನಿಲ್ಲಿಸಿದ ಬಗೆ? ಸಿಗಿರಿಯಾದಲ್ಲೂ ಐದನೇ ಶತಮಾನದಲ್ಲಿ ಕಾಶ್ಯಪ ಅನ್ನುವ ರಾಜ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿ, ಕಲ್ಲಿನಲ್ಲೇ ಕೊಳ ಕೊರೆಸಿದ್ದಾನೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಕಷ್ಟ. ನಮ್ಮ ಕೋಟೆ ನೋಡಿ ಬೆಳೆದವರು ಆ ಕೊಳದ ಮುಂದೆ ಸುಮ್ನೆ ಫೋಟೊ ತೆಗೆದುಕೊಂಡು ಬರುವುದಿಲ್ಲ.

ಈಗ ಆ ಸುಳ್ಳಿನ ವಿಷಯ.

ಗೊತ್ತಾಗದೇ ಇರುತ್ತಾ ಅಂದರೆ, ಇರುವುದಿಲ್ಲ. ಜೊತೆಯವರಲ್ಲಿ ಯಾರೋ ಒಬ್ಬರು ಫೋಟೊ ಹಾಕುತ್ತಾರೆ, ಅದು ಸುತ್ತಿ ಬಳಸಿ ತಮ್ಮನ ಫೋನಿಗೆ ಬರುತ್ತೆ. ಅದು ಹಾಗಿರಲಿ. ಆ ಎಂಟು ದಿನ ಅವ್ವ ವಿಡಿಯೊ ಕಾಲ್ ಮಾಡಿದಾಗ ಹಿಂದಿನ ಗೋಡೆ ಕಾಣದ ಹಾಗೆ ಫೋನ್ ಹಿಡಿಯಬೇಕು. ಅವ್ವನಿಗೆ ರಾತ್ರಿ ಸಕ್ಕರೆ ಕಮ್ಮಿಯಾಗಿ ಆಸ್ಪತ್ರೆಗೆ ಸೇರಿಸಿದರೆ, ನೀವು ಯಾವ ದೇಶದಲ್ಲಿದ್ದೀರಿ ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ಎಲ್ಲಾ ಸಲೀಸಾಗಿ ಮುಗಿಯಿತು ಅಂತಲೇ ಇಟ್ಟುಕೊಳ್ಳಿ. ಊರಿಗೆ ಬಂದ ಮೇಲೆ ಆ ಕೊಳ, ಆ ಟೀ ತೋಟ, ಕ್ಯಾಂಡಿಯ ದಂತ ದೇವಾಲಯ, ಒಂದನ್ನೂ ಅವ್ವನ ಮುಂದೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಈಗಾಗಲೇ ಅವ್ವನಿಂದ ನಿಮ್ಮ ಕಷ್ಟ ಮುಚ್ಚಿಟ್ಟಿದ್ದೀರಿ. ಇನ್ನು ಮೇಲೆ ಖುಷಿಯನ್ನೂ ಮುಚ್ಚಿಡುತ್ತೀರಾ? ಆಮೇಲೆ ಅವರಿಗೆ ಮಗಳು ಅಂತ ಉಳಿಯುವುದು ಏನು?

ಹಾಗಾಗಿ ಅವ್ವನಿಗೆ ಹೇಳಿ. ಹೋಗಲಾ ಅಂತ ಕೇಳಬೇಡಿ, ಹೋಗುತ್ತಿದ್ದೇನೆ ಅಂತ ತಿಳಿಸಿ. ಕೇಳಿದರೆ ಬೇಡ ಅನ್ನುವುದು ತಾಯಂದಿರಿಗೆ ಸಲೀಸು. "ಅವ್ವಾ, ಈ ಸಲ ಎಂಟು ದಿನ ಲಂಕೆಗೆ ಹೋಗ್ತಿದೀನಿ. ಜೊತೆಗೆ ಇಂಥಿಂಥ ಟೀಚರ್‌ಗಳಿರ್ತಾರೆ. ಇಷ್ಟನೇ ತಾರೀಖು ಮನೇಲಿರ್ತೀನಿ, ಹತ್ತಿರ ಹತ್ತಿರ ನಾಲ್ಕು ವಾರ ನಿನ್ನ ಜೊತೇಲೇ ಇರ್ತೀನಿ. ನನಗೆ ಸಾಕಾಗಿದೆ ಅವ್ವಾ, ಸ್ವಲ್ಪ ಓಡಾಡಿ ಬರ್ತೀನಿ." ಇಷ್ಟು ಸಾಕು. ಸಾಕಾಗಿದೆ ಅನ್ನುವ ಮಾತನ್ನು ನುಂಗಬೇಡಿ. ಯಾಕೆ ಅಂತ ಕೇಳುತ್ತಾರೆ. ಆಗ ರೊಟ್ಟಿ ವಿಷಯ, ಶುಕ್ರವಾರದ ವಿಷಯ ಹೇಳಿ. ಅವರು ಅತ್ತರೆ ಅಳಲಿ. ಮಗಳ ಕಷ್ಟಕ್ಕೆ ಅಳುವುದಕ್ಕೂ ಅವರಿಗೆ ಹಕ್ಕಿದೆ.

ತಮ್ಮನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಿ.ಇ. ಮುಗಿಸಿ ಕೆಲಸಕ್ಕೆ ಹೋಗುತ್ತಿರುವ ಹುಡುಗ ಟೈಲ್ಸ್‌ಗೆ ಅಕ್ಕನ ರಜೆ ದುಡ್ಡಿನ ಲೆಕ್ಕ ಹಾಕುವುದು ಸರಿಯಲ್ಲ. ಅವನು ಕೆಟ್ಟವನು ಅಂತಲ್ಲ, ನೀವು ಯಾವತ್ತೂ ಇಲ್ಲ ಅಂದಿಲ್ಲ, ಅದಕ್ಕೆ ಅಭ್ಯಾಸವಾಗಿದೆ. ಅವ್ವನ ಖರ್ಚಿಗೆ, ಔಷಧಿಗೆ ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ ಗೊತ್ತು ಮಾಡಿ. ಮೇಲಿನ ಮನೆಗೆ ಇನ್ನು ಎಷ್ಟು ಕೊಡುತ್ತೀರಿ ಅಂತ ಒಂದೇ ಸಲ ಹೇಳಿಬಿಡಿ, ಉಳಿದದ್ದು ಅವನು ನೋಡಿಕೊಳ್ಳಲಿ.

ನೀವು ದುಡ್ಡೆಲ್ಲ ತಮ್ಮನ ಅಕೌಂಟಿಗೇ ಹಾಕುತ್ತೀರಿ ಅಂತ ಬರೆದಿದ್ದೀರಿ. ಇದನ್ನು ಬದಲಾಯಿಸಿ. ಹೊರದೇಶದಲ್ಲಿ ಕೆಲಸ ಮಾಡುವವರು ತಮ್ಮ ಹೆಸರಿನಲ್ಲೇ ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆ ತೆರೆಯಬಹುದು, ಅದರ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಮೊದಲು ದುಡ್ಡು ಅಲ್ಲಿಗೆ ಬರಲಿ, ಅಲ್ಲಿಂದ ಮನೆಗೆ ಹೋಗಲಿ. ನಿಮ್ಮದು ಕರಾರಿನ ಕೆಲಸ, ಮುಂದಕ್ಕೆ ಪಿಂಚಣಿ ಬೇಕು ಅಂದರೆ ನೀವೇ ಕಟ್ಟಿಕೊಳ್ಳಬೇಕು. ಸರ್ಕಾರದ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೊರದೇಶದಲ್ಲಿರುವ ಭಾರತೀಯರೂ ಸೇರಬಹುದು. ಹಾಗೇ, ಆ ಮನೆ ಯಾರ ಹೆಸರಿನಲ್ಲಿದೆ ಅಂತ ನೋಡಿದ್ದೀರಾ? ಅಪ್ಪ ಸ್ವಂತ ದುಡ್ಡಲ್ಲಿ ಕೊಂಡ ಸೈಟಾಗಿದ್ದು, ವಿಲ್ ಬರೆದಿಡದೇ ಹೋಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವ್ವ, ನೀವು, ತಮ್ಮ ಮೂವರಿಗೂ ಸಮಪಾಲು. ಜಗಳ ತೆಗೆಯಿರಿ ಅನ್ನುತ್ತಿಲ್ಲ. ಊರಿಗೆ ಬಂದಾಗ ಮನೆಯ ಖಾತೆಯಲ್ಲಿ ನಿಮ್ಮ ಹೆಸರೂ ಇದೆಯಾ ಅಂತ ಸಮಾಧಾನವಾಗಿ ನೋಡಿಕೊಳ್ಳಿ.

ಪ್ರವಾಸದ ಖರ್ಚಿನ ಬಗ್ಗೆ ಒಂದು ಮಾತು. ಮಾಲ್ಡೀವ್ಸ್‌ನಲ್ಲಿ ಡಾಲರ್ ಕೊರತೆ, ಸಂಬಳವನ್ನೆಲ್ಲ ಊರಿಗೆ ಕಳಿಸಲು ಬ್ಯಾಂಕ್ ಬಿಡುವುದಿಲ್ಲ, ಅಲ್ಲಿನ ನಾಣ್ಯ ರುಫಿಯಾ ಅಲ್ಲೇ ಉಳಿಯುತ್ತೆ ಅಂತ ನೀವೇ ಬರೆದಿದ್ದೀರಿ. ಅಲ್ಲಿನ ಏಜೆನ್ಸಿಯಲ್ಲಿ ಕೊಲಂಬೊ ಟಿಕೆಟ್ ರುಫಿಯಾದಲ್ಲೇ ಸಿಗುತ್ತಾ ವಿಚಾರಿಸಿ. ಸಿಕ್ಕರೆ, ಊರಿಗೆ ಕಳಿಸಲಾಗದ ದುಡ್ಡೇ ಟಿಕೆಟ್ಟಾಗುತ್ತೆ, ಟೈಲ್ಸ್‌ಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ.

ಲಂಕೆ ಮುಗಿಸಿ ಮತ್ತೆ ಮಾಲೆಗೆ ಹೋಗಬೇಡಿ. ಕೊಲಂಬೊದಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಬೆಂಗಳೂರಿನಿಂದ ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತೆ. ಶಾಲೆ ಕೊಡುವ ವರ್ಷದ ಟಿಕೆಟ್ಟನ್ನು ಈ ದಾರಿಗೆ ಬದಲಾಯಿಸಬಹುದಾ ಅಂತ ಆಫೀಸಿನಲ್ಲಿ ಈಗಲೇ ಕೇಳಿ. ಶ್ರೀಲಂಕಾಗೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಇಟಿಎ, ಅಂದರೆ ಪ್ರಯಾಣದ ಅನುಮತಿ, ಮಾಡಿಸಬೇಕು, ಅದರ ಸರ್ಕಾರಿ ವೆಬ್‌ಸೈಟಿನಲ್ಲೇ ಮಾಡಿ. ಕ್ಯಾಂಡಿಯಿಂದ ಎಲ್ಲಾ ಅನ್ನುವ ಊರಿಗೆ ಹೋಗುವ ಬೆಟ್ಟದ ರೈಲು ಓಡುತ್ತಿದೆಯಾ ಅಂತ ಮೊದಲೇ ತಿಳಿದುಕೊಳ್ಳಿ. ಜೋರು ಮಳೆಯಾದರೆ ಅಲ್ಲಿ ಹಳಿ ಮೇಲೆ ಮಣ್ಣು ಕುಸಿಯುತ್ತೆ.

ಇನ್ನೊಂದು. ಆಗುವುದಾದರೆ ಮುಂದಿನ ವರ್ಷ ಅವ್ವನನ್ನು ನಿಮ್ಮ ದ್ವೀಪಕ್ಕೆ ಕರೆಸಿಕೊಳ್ಳಿ. ಭಾರತೀಯರಿಗೆ ಮಾಲ್ಡೀವ್ಸ್ ಪ್ರವಾಸಿ ವೀಸಾ ಅಲ್ಲಿ ಇಳಿದ ಮೇಲೆ ಸಿಗುತ್ತೆ. ಪಾಸ್‌ಪೋರ್ಟ್ ಸೇವಾ ಕೇಂದ್ರ ದಾವಣಗೆರೆಯಲ್ಲೇ ಇದೆ, ನೀವು ಬಂದಾಗ ಕರೆದುಕೊಂಡು ಹೋಗಿ. ಮಂಡಿ ನೋವಿದೆ, ದೋಣಿ ಹತ್ತಿ ಇಳಿಯಲು ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಒಂದು ಸಲ ಜೆಟ್ಟಿಯಲ್ಲಿ ನಿಮ್ಮ ಪಕ್ಕ ನಿಂತು ತರಕಾರಿ ದೋಣಿಗೆ ಕಾದರೆ, ಅವ್ವ ಮತ್ತೆ ಆ ಪ್ರಶ್ನೆ ಕೇಳುವುದಿಲ್ಲ.

ಅವ್ವ ಮುನಿಸಿಕೊಳ್ಳಬಹುದು. ನಾಲ್ಕು ದಿನ ಫೋನಿನಲ್ಲಿ ಹೂಂ, ಉಹೂಂ ಬಿಟ್ಟು ಬೇರೆ ಮಾತು ಬರದೇ ಇರಬಹುದು. ಅದಕ್ಕೆ ಹೆದರಿ ಟಿಕೆಟ್ ರದ್ದು ಮಾಡಬೇಡಿ, ಫೋನ್ ಮಾಡುವುದನ್ನೂ ಬಿಡಬೇಡಿ. ಲಂಕೆಯಿಂದಲೂ ದಿನಾ ಮಾತಾಡಿ, ಸಕ್ಕರೆ ಎಷ್ಟಿದೆ ಕೇಳಿ, ಗುಳಿಗೆ ನೆನಪಿಸಿ. ಉಳಿದುಕೊಳ್ಳುವ ಹೋಟೆಲುಗಳ ನಂಬರನ್ನು ತಮ್ಮನಿಗೆ ಕಳಿಸಿ.

ಬರುವ ಶುಕ್ರವಾರ ನಿಮಗೆ ರಜೆ, ತಮ್ಮನಿಗೆ ಆಫೀಸು. ಅವ್ವ ಒಬ್ಬರೇ ಇರುವ ಹೊತ್ತು ನೋಡಿ ಫೋನ್ ಮಾಡಿ. ಜೊತೆಯವರಿಗೆ ಬರುತ್ತೇನೆ ಅಂತ ಹೇಳುವುದು ಅದಾದ ಮೇಲೆ.