ಮುಖ ಆಮೇಲೆ, ಮೊದಲು ಭುಜ ನೋಡಿ

ಹಳೆಯ ಬ್ರಿಟಿಷ್ ನೌಕಾ ಅಧಿಕಾರಿಗಳ ಚಿತ್ರಗಳೆಲ್ಲ ಒಂದೇ ಥರ ಕಾಣುತ್ತವೆ, ಯಾರು ದೊಡ್ಡವರು ಅಂತ ಗೊತ್ತಾಗುವುದು ಹೇಗೆ ಎಂದು ಕೇಳಿದ್ದೀರಿ. ಭುಜ ನೋಡಿ. 1795ರಲ್ಲಿ ಅವರ ಸಮವಸ್ತ್ರಕ್ಕೆ ಚಿನ್ನದ ಜರಿಯ ಭುಜಪಟ್ಟಿ ಬಂತು. ಆ ಹುದ್ದೆಯಲ್ಲಿ ಮೂರು ವರ್ಷ ದಾಟಿದ ಕ್ಯಾಪ್ಟನ್‌ಗೆ ಎರಡೂ ಭುಜಕ್ಕೆ, ಹೊಸ ಕ್ಯಾಪ್ಟನ್‌ಗೆ ಬಲಕ್ಕೆ ಮಾತ್ರ, ಅವನಿಗಿಂತ ಕೆಳಗಿನ ಕಮಾಂಡರ್‌ಗೆ ಎಡಕ್ಕೆ. ಪಟ್ಟಿಯ ಮೇಲೆ ನಕ್ಷತ್ರ ಇದ್ದರೆ ಇವರೆಲ್ಲರಿಗಿಂತ ಮೇಲಿನ ಅಡ್ಮಿರಲ್ ದರ್ಜೆ. ಅದಕ್ಕೂ ಹಳೆಯ ಚಿತ್ರಗಳಿಗೆ ಈ ಲೆಕ್ಕ ನಡೆಯುವುದಿಲ್ಲ.

ಹಿನ್ನೆಲೆಯೂ ಸುಮ್ನೆ ಇರುವುದಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಬ್ರಿಟನ್ನಿನ ಹೆಸರಾಂತ ನೌಕಾ ವೀರ ನೆಲ್ಸನ್‌ನನ್ನು ಜಾನ್ ಫ್ರಾನ್ಸಿಸ್ ರಿಗೋ ಬರೆದ ಚಿತ್ರ. 1777ರಲ್ಲಿ ಅದನ್ನು ಶುರು ಮಾಡಿದಾಗ ನೆಲ್ಸನ್ 18 ವರ್ಷದ ಲೆಫ್ಟಿನೆಂಟ್. ಮುಗಿದದ್ದು 1781ರಲ್ಲಿ. ಅಷ್ಟರಲ್ಲಿ ಹುಡುಗ ಕ್ಯಾಪ್ಟನ್ ಆಗಿಬಿಟ್ಟಿದ್ದ! ಕಲಾವಿದ ಹೊಸ ಚಿತ್ರ ಬರೆಯಲಿಲ್ಲ. ಹಳೆಯ ಕೋಟಿನ ಮೇಲೆಯೇ ಕ್ಯಾಪ್ಟನ್ ಸಮವಸ್ತ್ರ ಬಳಿದ. ಹಿಂದೆ ನಿಕರಾಗುವಾದ ಸಾನ್ ಹುವಾನ್ ಕೋಟೆ ಸೇರಿಸಿದ. 1780ರಲ್ಲಿ ಅದರ ಮೇಲೆ ನಡೆದ ದಾಳಿಯಲ್ಲಿ ನೆಲ್ಸನ್ ಇದ್ದ. ಅಂದರೆ ಆ ಕೋಟೆ ಒಂದು ಪದಕ ಇದ್ದ ಹಾಗೆ, ಅಲ್ವಾ?

ನಿಲುವಿನ ಬಗ್ಗೆ ಕೇಳಿದರೆ, ಜೋಶುವಾ ರೆನಾಲ್ಡ್ಸ್ 1750ರ ದಶಕದಲ್ಲಿ ಬರೆದ, ಕೆಪೆಲ್ ಎಂಬ ನೌಕಾ ಅಧಿಕಾರಿಯ ಚಿತ್ರ ನೋಡಿ. ಬಿರುಗಾಳಿಯ ಕಡಲ ದಂಡೆ, ಕೈ ಚಾಚಿ ಮುಂದೆ ನಡೆಯುವ ಕ್ಯಾಪ್ಟನ್. ಆ ಭಂಗಿ ಗ್ರೀಕ್ ದೇವರಾದ ಅಪೊಲೊನ ಪ್ರಾಚೀನ ಶಿಲ್ಪದ್ದು. ದೇವರ ಠೀವಿಯನ್ನು ಕಡ ತಂದ ಹಾಗೆ.

ಆದರೆ ನೆಲ್ಸನ್‌ನ ಕೊನೆಯ ವರ್ಷಗಳ ಚಿತ್ರಗಳಲ್ಲಿ ಕಣ್ಣು ಹೋಗುವುದು ಎದೆಯ ಮೇಲೆ ಮಡಿಸಿಟ್ಟ ಖಾಲಿ ಬಲತೋಳಿಗೆ. 1797ರಲ್ಲಿ ಕಳೆದುಕೊಂಡ ಕೈ ಅದು. ಅದನ್ನು ಯಾರೂ ಮರೆಮಾಡಲಿಲ್ಲ.